ಅಲೆಕ್ಸಾಂಡರನ ಬ್ಯಾಂಡಿನಲ್ಲಿ ರ‍್ಯಾಗ್‌ಟೈಮ್ ಎಲ್ಲಿದೆ?

ಟ್ವೆಂಟಿಯತ್ ಸೆಂಚುರಿ ಫಾಕ್ಸ್ 1938ರಲ್ಲಿ ತೆಗೆದ ‘ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್’ ಎಂಬ ಹಾಲಿವುಡ್ ಚಿತ್ರ ಹಾಡಿನ ಪ್ರಿಯರಿಗೆ ಹಬ್ಬ. 106 ನಿಮಿಷದೊಳಗೆ ಅರ್ವಿಂಗ್ ಬರ್ಲಿನ್ ಬರೆದ ಎರಡು ಡಜನ್‌ಗೂ ಹೆಚ್ಚು ಹಾಡುಗಳು ಒಂದರ ಬೆನ್ನಿಗೊಂದು ಬರುತ್ತವೆ. ಆಲಿಸ್ ಫೇ, ಎಥೆಲ್ ಮರ್ಮನ್, ಡಾನ್ ಅಮೀಚಿ ಸರದಿಯಂತೆ ಹಾಡುತ್ತಾರೆ. ಟೈರೋನ್ ಪವರ್ ಕೋಲು ಹಿಡಿದು ಬ್ಯಾಂಡ್ ನಡೆಸುತ್ತಾನೆ. ಆದರೆ ಹೆಸರು ನೋಡಿ ರ‍್ಯಾಗ್‌ಟೈಮ್ ಎಂಬ ಹಳೆಯ ಅಮೆರಿಕನ್ ಸಂಗೀತವನ್ನು ಕೇಳಲು ಕೂತವರಿಗೆ ಸಿಗುವುದು ಬಹಳ ಕಡಿಮೆ. ಕಥೆ ಶುರುವಾಗುವುದು ರ‍್ಯಾಗ್‌ಟೈಮ್ ಊರೆಲ್ಲ ಹಬ್ಬಿದ್ದ ಕಾಲದಲ್ಲಿ. ಕಿವಿಗೆ ಬೀಳುವ ವಾದ್ಯ ಮಾತ್ರ ಮೊದಲ ದೃಶ್ಯದಿಂದಲೇ 1938ರದು.

ಅದರಿಂದ ಚಿತ್ರ ಕೆಟ್ಟದ್ದೆಂದಲ್ಲ. ಬರ್ಲಿನ್ನನ ಹಾಡುಗಳ ಸಂಪುಟವಾಗಿ ಇದಕ್ಕೆ ಸಮನಾದ ಚಿತ್ರಗಳು ಕಡಿಮೆ. ಆದರೆ ರ‍್ಯಾಗ್‌ಟೈಮ್ ಎಂದರೆ ಇದೇ ಎಂದುಕೊಂಡು ಎದ್ದರೆ ಎರಡು ನಷ್ಟ. ಒಂದು, ಅಪರೂಪದ ಒಂದು ಲಯಪದ್ಧತಿ ಕೈತಪ್ಪುತ್ತದೆ. ಇನ್ನೊಂದು, ಆ ಲಯವನ್ನು ಕಟ್ಟಿದ ಅಮೆರಿಕದ ಕಪ್ಪು ಸಂಗೀತಗಾರರ ಹೆಸರು ಕೈತಪ್ಪುತ್ತದೆ. ಆದ್ದರಿಂದ ಚಿತ್ರಕ್ಕೆ ಮೊದಲು ಲಯದ ವಿಷಯ.

ರ‍್ಯಾಗ್‌ಟೈಮ್ ಮುಖ್ಯವಾಗಿ ಪಿಯಾನೊ ಸಂಗೀತ. ಎಡಗೈ ತಾಳ ಹಾಕುತ್ತದೆ, ಬಲಗೈ ಆ ತಾಳದ ಸಂದುಗಳಲ್ಲಿ ಹೆಜ್ಜೆ ಇಡುತ್ತದೆ. ನಮ್ಮಲ್ಲಿ ಕೊನ್ನಕೋಲಿನ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆಯ, ಪರಿಚಯ ಇದ್ದವರಿಗೆ ಇದನ್ನು ವಿವರಿಸುವುದು ಪಾಶ್ಚಾತ್ಯ ಸ್ವರಲಿಪಿಯಲ್ಲಿ ವಿವರಿಸುವುದಕ್ಕಿಂತ ಸುಲಭ. ಒಂದು ಬಾರ್ ಎಂದರೆ ಎಂಟು ಮಾತ್ರೆ ಎಂದಿಟ್ಟುಕೊಳ್ಳಿ: ತಕಧಿಮಿ ತಕಜುಣು. ಎಡಗೈ ಬೀಳುವುದು 1, 3, 5, 7ನೆಯ ಮಾತ್ರೆಗಳ ಮೇಲೆ. 1 ಮತ್ತು 5ರಲ್ಲಿ ಕೆಳಗಿನ ಒಂಟಿ ಮಂದ್ರ ಸ್ವರ, 3 ಮತ್ತು 7ರಲ್ಲಿ ಮೇಲಿನ ಮೂರು ಸ್ವರದ ಗುಚ್ಛ. ಇದು ಕೊನೆಯವರೆಗೆ ಅಲುಗಾಡಬಾರದು.

ಬಲಗೈಯ ಮೂಲ ನಡೆ ಕೇಕ್‌ವಾಕ್ ಎಂಬ ಕುಣಿತದಿಂದ ಬಂದದ್ದು. ಒಂದು ಮಾತ್ರೆಗೆ ‘ತ’, ಎರಡು ಮಾತ್ರೆಗೆ ‘ಧೀಂ’ ಎಂದು ಇಟ್ಟುಕೊಂಡರೆ ಅದು ‘ತ ಧೀಂ ತ ಧೀಂ ಧೀಂ’, ಅಂದರೆ 1+2+1+2+2. ಬಲಗೈ ಬೀಳುವ ಜಾಗಗಳು 1, 2, 4, 5, 7. ಎಡಗೈಯ ಜೊತೆ ಹೋಲಿಸಿದರೆ 2 ಮತ್ತು 4 ಮಾತ್ರ ಸಂದಿನಲ್ಲಿವೆ, 5ರಲ್ಲಿ ಇಬ್ಬರೂ ಮತ್ತೆ ಕೂಡುತ್ತಾರೆ. ಇದರ ಮುಂದಿನ ಹಂತ ‘ತ ಧೀಂ ಧೀಂ ತ ಧೀಂ’, 1+2+2+1+2. ಈಗ ಬಲಗೈ 1, 2, 4, 6, 7ರಲ್ಲಿ ಬೀಳುತ್ತದೆ. ಬಾರಿನ ನಟ್ಟನಡುವಿನ 5ನೆಯ ಮಾತ್ರೆಯಲ್ಲಿ ಎಡಗೈ ಒಂಟಿಯಾಗಿ ನಿಲ್ಲುತ್ತದೆ. ಕೇಳುವವನ ಕಾಲು ತಾನೇ ಅಲ್ಲಾಡುವುದು ಆ ಜಾಗದಲ್ಲಿ, ಏಕೆಂದರೆ ಮೇಲೆ ಬಿಟ್ಟುಹೋದ ಪೆಟ್ಟನ್ನು ಮೈ ತುಂಬಿಕೊಡುತ್ತದೆ. ಮೂರನೆಯದು ‘ತಕಿಟ ತಕಿಟ ತಕ’, 3+3+2. ಯೂಡೇ ಬೌಮನ್‌ನ ‘ಟ್ವೆಲ್ತ್ ಸ್ಟ್ರೀಟ್ ರ‍್ಯಾಗ್’ (1914) ಇದರ ಮೇಲೆಯೇ ನಿಂತಿದೆ. ಮೃದಂಗ ಕೇಳಿ ಬೆಳೆದ ಕಿವಿಗೆ ಚತುರಶ್ರದ (ನಾಲ್ಕರ ಎಣಿಕೆಯ) ಮೇಲೆ ತಿಶ್ರದ (ಮೂರರ ಎಣಿಕೆಯ) ಈ ಹೆಣಿಗೆ ಹೊಸದೇನಲ್ಲ.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ನಮ್ಮ ಕೃತಿಗಳಲ್ಲಿ ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ) ಅರ್ಧ ಅಥವಾ ಒಂದೂವರೆ ಅಕ್ಷರ ಬಿಟ್ಟು ಬಂದರೆ ಸಾಹಿತ್ಯವಿಡೀ ಆ ಜಾಗವನ್ನು ಆಧರಿಸಿ ನಡೆಯುತ್ತದೆ. ರ‍್ಯಾಗ್‌ಟೈಮಿನಲ್ಲಿ ಹಾಗಲ್ಲ. ಪಲ್ಲಟ ಬಾರಿನಿಂದ ಬಾರಿಗೆ ಬಂದು ಹೋಗುತ್ತದೆ. ಒಂದು ಬಾರಿನಲ್ಲಿ ಸಂದಿಗೆ ಸರಿದದ್ದು ಮುಂದಿನದರಲ್ಲಿ ಸಮಕ್ಕೆ ಮರಳಬಹುದು.

ಕಟ್ಟಡವೂ ಲೆಕ್ಕಕ್ಕೆ ಸಿಗುವಂಥದ್ದೇ. ಸ್ಕಾಟ್ ಜಾಪ್ಲಿನ್ ಬರೆದು, ಮಿಸೌರಿಯ ಸಿಡೇಲಿಯಾದಲ್ಲಿ ಜಾನ್ ಸ್ಟಾರ್ಕ್ 1899ರಲ್ಲಿ ಅಚ್ಚುಹಾಕಿದ ‘ಮೇಪಲ್ ಲೀಫ್ ರ‍್ಯಾಗ್’ ಇದರ ಮಾದರಿ. ಹದಿನಾರು ಬಾರುಗಳ ನಾಲ್ಕು ಭಾಗಗಳು. ಕ್ರಮ: ಮೊದಲನೆಯದು ಎರಡು ಸಲ, ಎರಡನೆಯದು ಎರಡು ಸಲ, ಮತ್ತೆ ಮೊದಲನೆಯದು ಒಂದು ಸಲ, ಆಮೇಲೆ ಮೂರನೆಯದು, ನಾಲ್ಕನೆಯದು ಎರಡೆರಡು ಸಲ. ಒಂದು ಭಾಗದಲ್ಲಿ 128 ಮಾತ್ರೆ, ಅಂದರೆ ಚತುರಶ್ರ ನಡೆಯ ಆದಿತಾಳದ ಸರಿಯಾಗಿ ನಾಲ್ಕು ಆವರ್ತ. ಇಡೀ ರ‍್ಯಾಗ್ 36 ಆವರ್ತ. ಕೈಯಲ್ಲಿ ತಾಳ ಹಾಕುತ್ತ ಒಮ್ಮೆ ಕೇಳಿದರೆ ಭಾಗಗಳ ಗಡಿ ತಾನೇ ಗೊತ್ತಾಗುತ್ತದೆ. ಮೂರನೆಯ ಭಾಗಕ್ಕೆ ‘ಟ್ರಯೊ’ ಎನ್ನುತ್ತಾರೆ. ಅಲ್ಲಿ ಆಧಾರ ಷಡ್ಜವೇ ಬದಲಾಗಿ ಮಧ್ಯಮಕ್ಕೆ ಏರುತ್ತದೆ. ಇದು ಮಿಲಿಟರಿ ಬ್ಯಾಂಡಿನ ಮಾರ್ಚ್‌ಗಳಿಂದ ಬಂದ ವಾಡಿಕೆ. ಹದಿನಾರು ಬಾರಿನ ಲೆಕ್ಕವೂ ಅಲ್ಲಿಯದೇ.

ಇಷ್ಟು ಕೈಯಲ್ಲಿದ್ದರೆ ಚಿತ್ರದ ಶೀರ್ಷಿಕೆಯ ಹಾಡನ್ನು ತೂಗಿ ನೋಡಬಹುದು. ಅದು ಅಚ್ಚಾದದ್ದು 1911ರ ಮಾರ್ಚ್‌ನಲ್ಲಿ. ಬರ್ಲಿನ್‌ಗೆ ಆಗ 22 ವರ್ಷ. ರಷ್ಯಾದಿಂದ 1893ರಲ್ಲಿ ನ್ಯೂಯಾರ್ಕಿಗೆ ಬಂದ ಬಡ ಯಹೂದಿ ಕುಟುಂಬದ ಹುಡುಗ, ಚೈನಾಟೌನಿನ ಹೋಟೆಲಿನಲ್ಲಿ ಹಾಡುತ್ತ ತಟ್ಟೆ ಹೊರುತ್ತಿದ್ದವನು. ಸ್ವರಲಿಪಿ ಬರೆಯಲು ಬಾರದು, ಪಿಯಾನೊ ಬಲ್ಲದ್ದು ಒಂದೇ ಶ್ರುತಿಯಲ್ಲಿ. ಅದು ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಮೂರು. ಅಲ್ಲಿಂದ ಐದು ಕಪ್ಪು ಮನೆಗಳನ್ನೇ ಒತ್ತುತ್ತ ಹೋದರೆ ಸಿಗುವುದು ಮೋಹನ. ಮಧ್ಯಮ, ನಿಷಾದ ಬೇಕಾದಾಗ ಮಾತ್ರ ಬಿಳಿ ಮನೆ. ಬೇರೆ ಶ್ರುತಿ ಬೇಕೆಂದರೆ ಸನ್ನೆ ತಿರುಗಿಸಿದರೆ ಶ್ರುತಿ ಸರಿಯುವ ವಿಶೇಷ ಪಿಯಾನೊ ಇಟ್ಟುಕೊಂಡಿದ್ದ. ಅವನ ಅಂಥದ್ದೊಂದು ಪಿಯಾನೊ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಮನಸ್ಸಿನಲ್ಲಿದ್ದ ರಾಗವನ್ನು ಕಾಗದಕ್ಕೆ ಇಳಿಸುತ್ತಿದ್ದವರು ಸಹಾಯಕರು.

ಅಚ್ಚಾದ ಪ್ರತಿಯಲ್ಲಿ ಹಾಡಿನ ಪೂರ್ವಭಾಗ ಬಿಳಿ ಒಂದರಲ್ಲಿದೆ, ಪಲ್ಲವಿ ಬಿಳಿ ನಾಲ್ಕರಲ್ಲಿ. ಅಂದರೆ ಪೂರ್ವಭಾಗದ ಮಧ್ಯಮವೇ ಪಲ್ಲವಿಯ ಷಡ್ಜ. ರ‍್ಯಾಗ್‌ನ ಟ್ರಯೊದಲ್ಲಿ ಆಗುವುದೇ ಇಲ್ಲಿಯೂ ಆಗಿದೆ, ಆದರೆ ಬರ್ಲಿನ್ ಅದನ್ನು ಹಾಡಿನ ಹೊಸ್ತಿಲಲ್ಲೇ ಇಟ್ಟ. ಪಲ್ಲವಿ ಶುರುವಾದಾಗ ಬಾಗಿಲು ತೆರೆದು ಬೀದಿಗೆ ಬಂದಂತೆ ಅನಿಸುವುದಕ್ಕೆ ಕಾರಣ ಈ ಶ್ರುತಿ ಬದಲಾವಣೆ. 32 ಬಾರಿನ ಪಲ್ಲವಿಯಲ್ಲಿ ಎರಡನೆಯ ಸಾಲು ಮೊದಲನೆಯ ಸಾಲನ್ನೇ ಇನ್ನೊಂದು ಮಧ್ಯಮದಷ್ಟು ಮೇಲೆ ಎತ್ತಿ ಹಾಡುತ್ತದೆ. ಆಮೇಲೆ ಕಹಳೆಯ ಮಾತು ಬಂದಾಗ ರಾಗವೂ ಕಹಳೆಯ ಹಾಗೆ ಜಿಗಿಯುತ್ತದೆ. ಕೊನೆಯ ಸಾಲುಗಳ ಹತ್ತಿರ ಸ್ಟೀಫನ್ ಫಾಸ್ಟರ್‌ನ ಸ್ವಾನಿ ನದಿಯ ಹಾಡಿನ ತುಣುಕು ನುಸುಳುತ್ತದೆ. ಇಷ್ಟು ಜಾಣತನ ತುಂಬಿದ ಹಾಡಿನಲ್ಲಿ ಸಂದಿನ ಹೆಜ್ಜೆ ಎಷ್ಟಿದೆ? ಒಂದೆರಡು ಕಡೆ ಇಣುಕಿ ಹೋಗುತ್ತದೆ, ಅಷ್ಟೇ. ಮಿಕ್ಕದ್ದೆಲ್ಲ ಸಮದ ಮೇಲೆ ಕಾಲೂರಿ ನಡೆಯುವ ಮಾರ್ಚ್. ರ‍್ಯಾಗ್‌ಟೈಮ್ ಬ್ಯಾಂಡನ್ನು ಕೇಳಲು ಕರೆಯುವ ಹಾಡು ಇದು, ಸ್ವತಃ ರ‍್ಯಾಗ್ ಅಲ್ಲ. ಅದಕ್ಕೇ ಗೆದ್ದಿತು. ‘ಮೇಪಲ್ ಲೀಫ್’ ನುಡಿಸಲು ಪಳಗಿದ ಕೈ ಬೇಕು, ಇದನ್ನು ಮನೆಯ ಪಿಯಾನೊದಲ್ಲಿ ಯಾರು ಬೇಕಾದರೂ ನುಡಿಸಬಹುದಿತ್ತು. ಕೆಲವೇ ತಿಂಗಳಲ್ಲಿ ಹತ್ತು ಲಕ್ಷದಷ್ಟು ಪ್ರತಿ ಮಾರಾಟವಾಯಿತು.

ಈಗ ಹೆಸರಿನ ವಿಷಯ. ಅಂದಿನ ಅಮೆರಿಕದ ವಾಡೆವಿಲ್ ರಂಗದಲ್ಲಿ, ಅಂದರೆ ಹಾಡು, ಕುಣಿತ, ಹಾಸ್ಯ ಬೆರೆಸಿದ ಜನಪ್ರಿಯ ಆಟಗಳಲ್ಲಿ, ‘ಅಲೆಕ್ಸಾಂಡರ್’ ಎಂಬುದು ಕಪ್ಪು ಜನರ ಪಾತ್ರಕ್ಕೆ ಇಡುತ್ತಿದ್ದ ಸಿದ್ಧ ಹೆಸರು. ಕಪ್ಪು ಮನುಷ್ಯನಿಗೆ ಅಷ್ಟು ಗತ್ತಿನ ಹೆಸರೇ ಎಂದು ಬಿಳಿಯ ಪ್ರೇಕ್ಷಕರು ನಗಲಿ ಎಂಬ ಉದ್ದೇಶ. ಬರ್ಲಿನ್ 1910ರಲ್ಲೇ ಅಲೆಕ್ಸಾಂಡರ್ ಮತ್ತು ಅವನ ಕ್ಲಾರಿನೆಟ್ ಬಗ್ಗೆ ಒಂದು ಹಾಡು ಬರೆದಿದ್ದ. 1911ರ ಹಾಡಿನ ಆಡುಮಾತು ಕೂಡ ರಂಗಭೂಮಿ ಕಪ್ಪು ಪಾತ್ರಗಳ ಬಾಯಲ್ಲಿ ಇಡುತ್ತಿದ್ದ ಇಂಗ್ಲಿಷೇ. ಹಾಡು ಕೇಳಿದವರ ಕಣ್ಣ ಮುಂದೆ ಬರುತ್ತಿದ್ದುದು ಕಪ್ಪು ನಾಯಕನ ಕಪ್ಪು ಬ್ಯಾಂಡ್. ಅದರಲ್ಲಿ ಗೇಲಿಯೂ ಇತ್ತು, ಆ ಬ್ಯಾಂಡಿಗೆ ಸರಿಸಾಟಿ ಇಲ್ಲ ಎಂಬ ಬೆರಗೂ ಇತ್ತು.

ಚಿತ್ರದಲ್ಲಿ ಅಲೆಕ್ಸಾಂಡರ್ ಯಾರಾಗುತ್ತಾನೆ ನೋಡಿ. ಸ್ಯಾನ್ ಫ್ರಾನ್ಸಿಸ್ಕೊದ ಶ್ರೀಮಂತರ ಗುಡ್ಡ ನಾಬ್ ಹಿಲ್‌ನ ಹುಡುಗ ರೋಜರ್ ಗ್ರಾಂಟ್ (ಟೈರೋನ್ ಪವರ್). ಶಾಸ್ತ್ರೀಯ ಪಿಟೀಲು ಕಲಿತವನು. ಪ್ರೊಫೆಸರ್‌ಗೂ ಅತ್ತೆಗೂ ಬೇಸರವಾಗುವಂತೆ ಬಾರ್ಬರಿ ಕೋಸ್ಟಿನ ಸಾರಾಯಿ ಅಂಗಡಿಯಲ್ಲಿ ಬ್ಯಾಂಡ್ ನುಡಿಸಲು ಹೋಗುತ್ತಾನೆ. ಪರೀಕ್ಷೆಯ ದಿನ ಅವರ ಸ್ವರಲಿಪಿ ಕಾಣೆ. ಸ್ಟೆಲ್ಲಾ ಕರ್ಬಿ (ಆಲಿಸ್ ಫೇ) ಎಂಬ ಗಾಯಕಿ ಕಟ್ಟೆಯ ಮೇಲಿಟ್ಟ ಹಾಳೆಯನ್ನೇ ಎತ್ತಿಕೊಂಡು ನುಡಿಸುತ್ತಾರೆ. ಅದು ಅವಳ ಹಾಡು. ಅವಳು ಸಿಟ್ಟಿನಿಂದ ಎದ್ದು ಬಂದು ತಾನೇ ಹಾಡಿಬಿಡುತ್ತಾಳೆ. ಹಾಡಿನ ಹೆಸರೇ ನಾಯಕನ ಹೆಸರಾಗಿ ಅಂಟಿಕೊಳ್ಳುತ್ತದೆ. ದೃಶ್ಯವಾಗಿ ಬಹಳ ಚೆಲುವಾಗಿದೆ. ಜಗಳವೂ ಪ್ರೇಮವೂ ಒಂದೇ ಪಲ್ಲವಿಯಲ್ಲಿ ಹುಟ್ಟುವ ಹಾಗೆ ಹೆಣೆದ ಬರವಣಿಗೆಗೆ ಮೆಚ್ಚುಗೆ ಸಲ್ಲಲೇಬೇಕು. ಆದರೆ ಈ ಬ್ಯಾಂಡಿನಲ್ಲಿ ಒಬ್ಬ ಕಪ್ಪು ವಾದಕನೂ ಇಲ್ಲ. ಹೆಸರಿನ ಹಿಂದಿದ್ದ ಮನುಷ್ಯನನ್ನು ಎಬ್ಬಿಸಿ, ಅದೇ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸಿದಂತಾಗಿದೆ.

ಮುಂದಿನ ಕಥೆ ಸರಳ. ಸ್ಟೆಲ್ಲಾ ನ್ಯೂಯಾರ್ಕಿಗೆ ಹೋಗುತ್ತಾಳೆ, ಜಗಳವಾಗುತ್ತದೆ, ನಾಯಕ ಮೊದಲ ಮಹಾಯುದ್ಧಕ್ಕೆ ಸೇರುತ್ತಾನೆ. ಅವಳು ಪಿಯಾನೊ ನುಡಿಸುವ ಗೆಳೆಯ ಚಾರ್ಲಿಯನ್ನು (ಡಾನ್ ಅಮೀಚಿ) ಮದುವೆಯಾಗಿ ಮತ್ತೆ ಬೇರೆಯಾಗುತ್ತಾಳೆ. ಎರಡು ದಶಕಗಳಿಗೂ ಹೆಚ್ಚು ಕಾಲ ಉರುಳಿದರೂ ಯಾರ ಮುಖದಲ್ಲೂ ಒಂದು ಗೆರೆ ಮೂಡುವುದಿಲ್ಲ. ಈ ಚಿತ್ರದಲ್ಲಿ ವರ್ಷಗಳನ್ನು ಮುಖದಲ್ಲಿ ಹುಡುಕಬೇಡಿ, ಹಾಡಿನಲ್ಲಿ ಹುಡುಕಿ. ಫಾಕ್ಸಿನ ಮುಖ್ಯಸ್ಥ ಡ್ಯಾರಿಲ್ ಝಾನಕ್‌ಗೆ ಮೊದಲು ಬೇಕಿದ್ದುದು ಬರ್ಲಿನ್ನನ ಜೀವನಚಿತ್ರ. ಬರ್ಲಿನ್ ಒಪ್ಪಲಿಲ್ಲ. ಹಾಡುಗಳೇ ಕಾಲವನ್ನು ಹೇಳುವ ಕಲ್ಪಿತ ಕಥೆಯಾಗಲಿ ಎಂದು ತೀರ್ಮಾನವಾಯಿತು. ಆ ಕಥೆ ತನ್ನದೆಂದು ಸೇಂಟ್ ಲೂಯಿಸಿನ ಒಬ್ಬ ಲೇಖಕಿ ಕೋರ್ಟಿಗೆ ಹೋಗಿ ಕೆಳಗಿನ ಕೋರ್ಟಿನಲ್ಲಿ ಗೆದ್ದದ್ದೂ, 1946ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ತಿರುಗಿಸಿದ್ದೂ ಉಂಟು.

ನಿರ್ದೇಶಕ ಹೆನ್ರಿ ಕಿಂಗ್. ಅದೇ ವರ್ಷದ ಆರಂಭದಲ್ಲಿ ತೆರೆಗೆ ಬಂದ ‘ಇನ್ ಓಲ್ಡ್ ಚಿಕಾಗೊ’ದಲ್ಲೂ ಇದೇ ಮೂವರು, ಪವರ್, ಫೇ ಮತ್ತು ಅಮೀಚಿ, ಇದೇ ಕಿಂಗ್ ಕೈಕೆಳಗೆ ನಟಿಸಿದ್ದರು. ಸಂಗೀತ ನಿರ್ದೇಶನಕ್ಕೆ ಆಲ್ಫ್ರೆಡ್ ನ್ಯೂಮನ್ ಆಸ್ಕರ್ ಪಡೆದ. ಅವನ ಒಂಬತ್ತು ಆಸ್ಕರ್‌ಗಳಲ್ಲಿ ಇದು ಮೊದಲನೆಯದು. ಚಿತ್ರಕ್ಕೆ ಒಟ್ಟು ಆರು ನಾಮನಿರ್ದೇಶನ ಸಿಕ್ಕಿತ್ತು.

ನ್ಯೂಮನ್‌ನ ಕೆಲಸವನ್ನು ಕಿವಿಗೊಟ್ಟು ಕೇಳಿದರೆ ರ‍್ಯಾಗ್‌ಟೈಮ್ ಎಲ್ಲಿ ಕಾಣೆಯಾಯಿತು ಎಂಬುದು ಗೊತ್ತಾಗುತ್ತದೆ. 1911ರ ಸುಮಾರಿನ ಕುಣಿತದ ಬ್ಯಾಂಡ್ ಎಂದರೆ ಪಿಟೀಲು, ಕಾರ್ನೆಟ್, ಕ್ಲಾರಿನೆಟ್, ಟ್ರೊಂಬೋನ್, ಪಿಯಾನೊ, ಡ್ರಮ್, ಕೆಲವೆಡೆ ಬ್ಯಾಂಜೊ. ಸ್ಯಾಕ್ಸೊಫೋನ್ ಕುಣಿತದ ಬ್ಯಾಂಡುಗಳಿಗೆ ಸರ್ವೇಸಾಮಾನ್ಯವಾಗಿ ಬಂದದ್ದು ಕೆಲವು ವರ್ಷಗಳ ಮೇಲೆ. ನಾಲ್ಕು ಸ್ಯಾಕ್ಸ್ ಸಾಲಾಗಿ ಕೂತು ಒಂದೇ ಉಸಿರಿನಲ್ಲಿ ನುಡಿಸುವುದು ಇನ್ನೂ ಆಮೇಲಿನ ಪದ್ಧತಿ. ಚಿತ್ರದಲ್ಲಿ ತೆರೆಯ ಮೇಲೆ ಕಾಣುವ ಬ್ಯಾಂಡಿಗಿಂತ ಕಿವಿಗೆ ಬೀಳುವ ಬ್ಯಾಂಡ್ ದೊಡ್ಡದು. ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ಚಿತ್ರೀಕರಣದಲ್ಲಿ ಅದಕ್ಕೆ ತುಟಿ, ಬಿಲ್ಲು ಆಡಿಸುವುದು ಸ್ಟುಡಿಯೊಗಳ ರೂಢಿಯಾಗಿತ್ತು.

ಲಯದ ವ್ಯತ್ಯಾಸ ಇನ್ನೂ ದೊಡ್ಡದು. ರ‍್ಯಾಗ್‌ಟೈಮಿನಲ್ಲಿ ಮಾತ್ರೆಗಳು ಸಮಸಮ, ಬಾರಿಗೆ ಎರಡು ಪೆಟ್ಟು. ಚಿತ್ರದಲ್ಲಿ ಕೇಳುವುದು ಸ್ವಿಂಗ್, ಅಂದರೆ 1930ರ ದಶಕದ ಕುಣಿತದ ಜಾಝ್. ಅದರಲ್ಲಿ ಬಾರಿಗೆ ನಾಲ್ಕು ಸಮಾನ ಪೆಟ್ಟು, ಬಾಸ್ ನಾಲ್ಕರಲ್ಲೂ ಹೆಜ್ಜೆ ಹಾಕುತ್ತದೆ. ಪೆಟ್ಟಿನೊಳಗಿನ ಅರ್ಧಗಳು ಸಮವಲ್ಲ, ಮೊದಲನೆಯದು ಉದ್ದ, ಎರಡನೆಯದು ಮೊಟಕು, ಸುಮಾರು ತಿಶ್ರದ ‘ತ–ಟ’ ಹಾಗೆ. ಅನುಮಾನ ಬಂದರೆ ಒಂದು ಪರೀಕ್ಷೆ: ಹಾಡಿನ ಜೊತೆ ‘ತಕಧಿಮಿ’ ಹೇಳಿ ನೋಡಿ. ಅಕ್ಷರಗಳು ಸರಾಗವಾಗಿ ಕೂತರೆ ರ‍್ಯಾಗ್ ಕಡೆಯದು. ನಾಲಿಗೆ ತೊಡರಿ ‘ತಕಿಟ’ ಕಡೆಗೆ ಎಳೆದರೆ ಸ್ವಿಂಗ್.

ಹಾಡುಗಳ ವರ್ಷ ಗೊತ್ತಿದ್ದರೆ ನೋಟ ಇನ್ನೂ ತೆರೆದುಕೊಳ್ಳುತ್ತದೆ. ಮೊದಲ ಅರ್ಧದಲ್ಲಿ 1911ರ ‘ರ‍್ಯಾಗ್‌ಟೈಮ್ ವಯೊಲಿನ್’ ಮತ್ತು ‘ಎವೆರಿಬಡೀಸ್ ಡೂಯಿನ್ ಇಟ್ ನೌ’, 1912ರ ‘ವೆನ್ ದ ಮಿಡ್‌ನೈಟ್ ಚೂ-ಚೂ ಲೀವ್ಸ್ ಫಾರ್ ಅಲಬ್ಯಾಮ್’, 1913ರ ‘ದಟ್ ಇಂಟರ್‌ನ್ಯಾಷನಲ್ ರ‍್ಯಾಗ್’ ಬರುತ್ತವೆ. ಇವುಗಳ ಮೂಲ ಕಾಗದದಲ್ಲಿ ಸಂದಿನ ಲಯದ ಉಪ್ಪು ಅಷ್ಟಿಷ್ಟು ಇದೆ. ಯುದ್ಧದ ಭಾಗ ಚಿತ್ರದ ಅತ್ಯುತ್ತಮ ಹೊತ್ತು. ಬರ್ಲಿನ್ 1918ರಲ್ಲಿ ಲಾಂಗ್ ಐಲೆಂಡಿನ ಯಾಪ್‌ಹ್ಯಾಂಕ್‌ನ ಕ್ಯಾಂಪ್ ಅಪ್ಟನ್‌ನಲ್ಲಿ ಸಿಪಾಯಿಯಾಗಿದ್ದಾಗ, ಸಿಪಾಯಿಗಳಿಂದಲೇ ‘ಯಿಪ್ ಯಿಪ್ ಯಾಪ್‌ಹ್ಯಾಂಕ್’ ಎಂಬ ಆಟ ಕಟ್ಟಿದ್ದ. ಬೆಳಗಿನ ಕಹಳೆಗೆ ಏಳಲು ಬೇಜಾರೆನ್ನುವ ಪ್ರಸಿದ್ಧ ಹಾಡು ಅದರದೇ. ಕೊನೆಯಲ್ಲಿ ಸಿಪಾಯಿಗಳು ರಂಗದಿಂದ ಇಳಿದು, ಪ್ರೇಕ್ಷಕರ ನಡುವಿನ ದಾರಿಯಲ್ಲೇ ಸಾಲುಗಟ್ಟಿ ಫ್ರಾನ್ಸಿಗೆ ಹೊರಟುಹೋಗುವುದನ್ನು ಚಿತ್ರ ಕಥೆಯೊಳಗೆ ತಂದಿದೆ. ಮಾರ್ಚ್ ಲಯ ಮಾರ್ಚ್ ಆಗಿಯೇ ಉಳಿದದ್ದರಿಂದ ಇಲ್ಲಿ ಕಾಲಕ್ಕೂ ನಾದಕ್ಕೂ ಜಗಳವಿಲ್ಲ.

ಎರಡನೆಯ ಅರ್ಧ ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇಯದು. 1919ರ ‘ಎ ಪ್ರಿಟಿ ಗರ್ಲ್ ಈಸ್ ಲೈಕ್ ಎ ಮೆಲಡಿ’, 1921ರ ‘ಸೇ ಇಟ್ ವಿತ್ ಮ್ಯೂಸಿಕ್’, 1926ರ ‘ಬ್ಲೂ ಸ್ಕೈಸ್’, 1933ರ ‘ಈಸ್ಟರ್ ಪರೇಡ್’ ಮತ್ತು ‘ಹೀಟ್ ವೇವ್’. ಚಿತ್ರಕ್ಕೆಂದೇ ಬರೆದವುಗಳಲ್ಲಿ ‘ನೌ ಇಟ್ ಕ್ಯಾನ್ ಬಿ ಟೋಲ್ಡ್’ ಆಸ್ಕರ್ ನಾಮನಿರ್ದೇಶನ ಪಡೆಯಿತು, ‘ಮೈ ವಾಕಿಂಗ್ ಸ್ಟಿಕ್’ ಮರ್ಮನ್ ಪಾಲಿಗೆ ಬಂತು. ‘ಹೀಟ್ ವೇವ್’ ಹತ್ತಿರ ಒಂದು ಕ್ಷಣ ನಿಲ್ಲಬೇಕು. 1933ರ ರಂಗಪ್ರಯೋಗದಲ್ಲಿ ಅದನ್ನು ಮೊದಲು ಹಾಡಿದ್ದು ಕಪ್ಪು ಗಾಯಕಿ ಎಥೆಲ್ ವಾಟರ್ಸ್. ಐದೇ ವರ್ಷದ ಹಿಂದಿನ ಮಾತು, ಎಲ್ಲರಿಗೂ ನೆನಪಿದ್ದ ದನಿ. ಚಿತ್ರದಲ್ಲಿ ಅದು ಮರ್ಮನ್‌ಗೆ ಹೋಯಿತು.

ಇಷ್ಟಾದರೂ ಮರ್ಮನ್‌ಳನ್ನು ಕಿವಿಗೊಟ್ಟು ಕೇಳಲೇಬೇಕು. ಈ ಚಿತ್ರದಲ್ಲಿ 1911ರ ಗಾಯನಕ್ಕೆ ಹತ್ತಿರವಾದ ಗಂಟಲು ಅವಳದು. ಆಗ ಮೈಕಿಲ್ಲ. ನಮ್ಮ ಕಂಪನಿ ನಾಟಕದ ನಟರಂತೆ ಕೊನೆಯ ಬೆಂಚಿಗೆ ಅಕ್ಷರ ಮುಟ್ಟಿಸಬೇಕಿತ್ತು. ಮರ್ಮನ್ ಹಾಡುವಾಗ ಸ್ವರ ನೇರ, ವ್ಯಂಜನ ಗಟ್ಟಿ, ಪದದ ತಲೆ ಪೆಟ್ಟಿನ ಮೇಲೆ ಸರಿಯಾಗಿ ಬೀಳುತ್ತದೆ. ಆಲಿಸ್ ಫೇ ದನಿ ಮೈಕಿನ ಕಾಲದ್ದು. ತಗ್ಗಿನ ಸ್ಥಾಯಿ, ಪಕ್ಕದಲ್ಲಿ ಕೂತು ಹೇಳಿದಂಥ ಆಪ್ತತೆ, ಪೆಟ್ಟಿಗಿಂತ ತುಸು ಹಿಂದೆ ಜಾರುವ ಪದ. ‘ಆಲ್ ಅಲೋನ್’, ‘ರಿಮೆಂಬರ್’ ಹಾಡುಗಳಿಗೆ ಇದಕ್ಕಿಂತ ಒಪ್ಪುವ ಕಂಠವಿಲ್ಲ. ಕಥೆಯ ಪ್ರಕಾರ ಗದ್ದಲದ ಸಾರಾಯಿ ಅಂಗಡಿಯಲ್ಲಿ ಹಾಡಬೇಕಾದವಳು ಫೇ. ಆ ಗದ್ದಲ ದಾಟುವ ಶಕ್ತಿಯ ಗಂಟಲು ಮರ್ಮನ್‌ಳದು. ಇಬ್ಬರೂ ಸೇರಿರುವ ‘ಬ್ಲೂ ಸ್ಕೈಸ್’ನಲ್ಲಿ ಈ ವ್ಯತ್ಯಾಸ ಬಿಡಿಸಿ ಇಟ್ಟಂತಿದೆ.

ಚಿತ್ರ ಮುಗಿಯುವುದು ನ್ಯೂಯಾರ್ಕಿನ ಪ್ರತಿಷ್ಠಿತ ಸಂಗೀತ ಸಭಾಂಗಣ ಕಾರ್ನೆಗಿ ಹಾಲಿನಲ್ಲಿ. ಸ್ಟೆಲ್ಲಾ ಟ್ಯಾಕ್ಸಿಯಲ್ಲಿ ರೇಡಿಯೊ ಮೂಲಕ ಕಛೇರಿ ಕೇಳುತ್ತ ಊರು ಸುತ್ತುತ್ತಾಳೆ. ಜಾನ್ ಕ್ಯಾರಡೀನ್ ಮಾಡಿದ ಟ್ಯಾಕ್ಸಿ ಚಾಲಕ ಅವಳ ಮನಸ್ಸನ್ನು ಅರಿತು ಅಲ್ಲಿಗೇ ತಂದು ಇಳಿಸುತ್ತಾನೆ. ಬೀದಿಯ ಸಂಗೀತ ದೊಡ್ಡವರ ಸಭಾಂಗಣಕ್ಕೆ ಏರಿತು ಎಂಬುದು ಈ ದೃಶ್ಯದ ಹೆಮ್ಮೆ. ಪ್ರೇಕ್ಷಕರಿಗೆ ಇದು ಹೊಸ ಸುದ್ದಿಯ ಹಾಗೇ ಇತ್ತು. ಬಿಳಿಯ ಬ್ಯಾಂಡ್ ನಾಯಕ ಬೆನ್ನಿ ಗುಡ್‌ಮನ್ ಅದೇ ವರ್ಷ ಜನವರಿ 16ರಂದು ಕಾರ್ನೆಗಿ ಹಾಲಿನಲ್ಲಿ ಸ್ವಿಂಗ್ ನುಡಿಸಿದ್ದ. ಅವನ ಜೊತೆ ವೇದಿಕೆಯಲ್ಲಿ ಕಪ್ಪು ವಾದಕರಾದ ಟೆಡಿ ವಿಲ್ಸನ್, ಲಯನಲ್ ಹ್ಯಾಂಪ್ಟನ್ ಮತ್ತು ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ಇವರ ಬ್ಯಾಂಡುಗಳ ಕಪ್ಪು ವಾದಕರೂ ಇದ್ದರು. ಆ ವೇದಿಕೆಯ ಈ ನೋಟ ಚಿತ್ರಕ್ಕೆ ಬರಲಿಲ್ಲ.

ಇನ್ನೂ ಹಿಂದೆ ಹೋದರೆ ಸಿಗುವ ಹೆಸರು ಜೇಮ್ಸ್ ರೀಸ್ ಯೂರೋಪ್ ಎಂಬ ಕಪ್ಪು ಬ್ಯಾಂಡ್ ನಾಯಕನದು. ಅವನು ನ್ಯೂಯಾರ್ಕಿನ ಕಪ್ಪು ವಾದಕರನ್ನು ಸೇರಿಸಿ ಕ್ಲೆಫ್ ಕ್ಲಬ್ ಕಟ್ಟಿದವನು. 1912ರ ಮೇ 2ರಂದು ನೂರಕ್ಕೂ ಹೆಚ್ಚು ವಾದಕರನ್ನು ಕಾರ್ನೆಗಿ ಹಾಲಿನ ವೇದಿಕೆಗೆ ಕರೆದೊಯ್ದ. ಮ್ಯಾಂಡೊಲಿನ್, ಬ್ಯಾಂಜೊ, ಸಾಲು ಪಿಯಾನೊಗಳು. ಬರ್ಲಿನ್ನನ ಹಾಡು ಅಚ್ಚಾಗಿ ಆಗಿನ್ನೂ ಹದಿನಾಲ್ಕು ತಿಂಗಳು. ಆಮೇಲೆ ಯೂರೋಪ್, ವರ್ನನ್ ಮತ್ತು ಐರೀನ್ ಕ್ಯಾಸಲ್ ಎಂಬ ಪ್ರಸಿದ್ಧ ನರ್ತಕ ದಂಪತಿಯ ಸಂಗೀತ ನಿರ್ದೇಶಕನಾದ. 1913ರ ಕೊನೆಯಲ್ಲಿ ವಿಕ್ಟರ್ ಕಂಪನಿಗೆ ಧ್ವನಿಮುದ್ರಣ ಮಾಡಿದ. ಯುದ್ಧ ಬಂದಾಗ ‘ಹಾರ್ಲೆಮ್ ಹೆಲ್‌ಫೈಟರ್ಸ್’ ಎಂದು ಹೆಸರಾದ 369ನೆಯ ಪದಾತಿ ದಳದ ಬ್ಯಾಂಡನ್ನು ಫ್ರಾನ್ಸಿನಲ್ಲಿ ನಡೆಸಿದ. ಬ್ಯಾಂಡ್ ನಾಯಕ, ನ್ಯೂಯಾರ್ಕಿನ ಯಶಸ್ಸು, ಸೈನ್ಯ, ಕಾರ್ನೆಗಿ ಹಾಲ್: ಚಿತ್ರ ರೋಜರ್ ಗ್ರಾಂಟ್‌ಗೆ ಕೊಟ್ಟದ್ದೆಲ್ಲ ಈ ಮನುಷ್ಯನ ಬಾಳಿನಲ್ಲಿ ನಿಜವಾಗಿ ನಡೆದಿತ್ತು. ಸಿಗದೆ ಹೋದದ್ದು ಆಯುಷ್ಯ. ಫ್ರಾನ್ಸಿನಿಂದ ಮರಳಿದ ಕೆಲವೇ ತಿಂಗಳಲ್ಲಿ, 1919ರ ಮೇ 9ರಂದು, ಬಾಸ್ಟನ್ನಿನ ಕಛೇರಿಯ ನಡುವೆ ತನ್ನದೇ ಬ್ಯಾಂಡಿನ ಡ್ರಮ್ ವಾದಕನ ಇರಿತದಿಂದ ಸತ್ತ. ಜಾಪ್ಲಿನ್ ಅದಕ್ಕೂ ಎರಡು ವರ್ಷ ಮೊದಲು, 1917ರ ಏಪ್ರಿಲ್ 1ರಂದು ತೀರಿಕೊಂಡಿದ್ದ. ಇಬ್ಬರ ಹೆಸರೂ 1938ರ ಚಿತ್ರದಲ್ಲಿ ಇಲ್ಲ.

ಚಿತ್ರ ನೋಡಿದ ಮೇಲೆ ಕೀಬೋರ್ಡ್ ಮುಂದೆ ಕೂತು ನಿಜವಾದ ರ‍್ಯಾಗ್ ಲಯವನ್ನು ಕೈಗೆ ತಂದುಕೊಳ್ಳಬೇಕೆನ್ನುವವರಿಗೆ ಕೆಲವು ಮಾತು. ‘ಮೇಪಲ್ ಲೀಫ್’ನಿಂದ ಶುರುಮಾಡಬೇಡಿ. ಅದರಲ್ಲಿ ಕಪ್ಪು ಮನೆ ಹೆಚ್ಚು, ಎಡಗೈ ಜಿಗಿತವೂ ದೊಡ್ಡದು. ಬಿಳಿ ಒಂದರಲ್ಲಿ ಎಡಗೈ ಮಾತ್ರ ಕೂರಿಸಿ. 1ನೆಯ ಮಾತ್ರೆಗೆ ಕೆಳಗಿನ ಸ ಕಿರುಬೆರಳಲ್ಲಿ, 3ಕ್ಕೆ ನಡುಸ್ಥಾಯಿಯ ಗ-ಪ-ಸ ಒಟ್ಟಿಗೆ, 5ಕ್ಕೆ ಕೆಳಗಿನ ಪ, 7ಕ್ಕೆ ಮತ್ತೆ ಗುಚ್ಛ. ಪಂಚಮದ ಸ್ವರಗುಚ್ಛಕ್ಕೆ ಹೋದಾಗ ಕೆಳಗೆ ಪ ಮತ್ತು ರಿ, ಮೇಲೆ ಮ-ಪ-ನಿ. ಮೆಟ್ರೊನೋಮನ್ನು (ಪೆಟ್ಟು ಎಣಿಸುವ ಯಂತ್ರವನ್ನು) ನಿಮಿಷಕ್ಕೆ 60ಕ್ಕೆ ಇಡಿ, ಒಂದು ಪೆಟ್ಟಿಗೆ ನಾಲ್ಕು ಮಾತ್ರೆ. ಕಣ್ಣು ಮಂದ್ರ ಸ್ವರದ ಮೇಲಿರಲಿ. ಗುಚ್ಛದ ಜಾಗವನ್ನು ಕೈ ತಾನೇ ನೆನಪಿಟ್ಟುಕೊಳ್ಳುತ್ತದೆ, ತಪ್ಪುವುದು ಯಾವಾಗಲೂ ಕೆಳಗೆ ಜಿಗಿಯುವಾಗ.

ಎಡಗೈ ಯೋಚನೆಯಿಲ್ಲದೆ ನಡೆಯುವವರೆಗೆ ಬಲಗೈ ಸೇರಿಸಬೇಡಿ. ಆಮೇಲೆ ಒಂದೇ ಸ್ವರದ ಮೇಲೆ ‘ತ ಧೀಂ ತ ಧೀಂ ಧೀಂ’, ಅದು ಕೂತ ಮೇಲೆ ‘ತ ಧೀಂ ಧೀಂ ತ ಧೀಂ’. ಎರಡನೆಯದರಲ್ಲಿ ಎಲ್ಲರೂ ಎಡವುವುದು 5ನೆಯ ಮಾತ್ರೆಯಲ್ಲಿ. ಬಲಗೈ ಸುಮ್ಮನಿರಬೇಕಾದ ಜಾಗದಲ್ಲಿ ಎಡಗೈಯೂ ತಡೆದು ನಿಲ್ಲುತ್ತದೆ, ಅಥವಾ ಬಲಗೈ ಎಡಗೈಯ ಜೊತೆ ಬಿದ್ದುಬಿಡುತ್ತದೆ. ಬಾಯಲ್ಲಿ ಕೊನ್ನಕೋಲು ಹೇಳುತ್ತ ತೊಡೆಯ ಮೇಲೆ ಎಡಗೈ ಬಡಿದು ಅಭ್ಯಾಸ ಮಾಡಿದರೆ ಈ ತೊಡಕು ಬೇಗ ಬಿಡುತ್ತದೆ. ವೇಗವನ್ನು 80, 84ಕ್ಕಿಂತ ಮೇಲೆ ಏರಿಸುವ ಅವಸರ ಬೇಡ. ರ‍್ಯಾಗನ್ನು ವೇಗವಾಗಿ ನುಡಿಸುವುದು ಎಂದೂ ಸರಿಯಲ್ಲ ಎಂದು ಜಾಪ್ಲಿನ್ ತನ್ನ ಅಚ್ಚಿನ ಪ್ರತಿಗಳ ನೆತ್ತಿಯ ಮೇಲೇ ಹಾಕಿಸುತ್ತಿದ್ದ. ವೇಗ ಹೆಚ್ಚಿದರೆ ಸಂದಿನ ಪೆಟ್ಟು ಸಮದ ಪೆಟ್ಟಿಗೆ ಅಂಟಿಕೊಂಡು, ಎರಡರ ಜಗ್ಗಾಟವೇ ಕೇಳದಂತಾಗುತ್ತದೆ. ಪಿಯಾನೊ ಪೆಡಲ್ ಒತ್ತಿ ಹಿಡಿದರೂ ಇದೇ ಗತಿ: 1ರ ಮಂದ್ರ 3ರ ಗುಚ್ಛದ ಮೇಲೆ ಹರಡಿ ಎಲ್ಲ ಕೆಸರಾಗುತ್ತದೆ. ಹಾರ್ಮೋನಿಯಂನಲ್ಲಿ ನಾದ ತಾನಾಗಿ ಇಳಿಯುವುದಿಲ್ಲ, ಆದ್ದರಿಂದ ಎಡಗೈ ಸ್ವರಗಳನ್ನು ಅರ್ಧಕ್ಕೇ ಬಿಡಬೇಕು.

ಕೇಳುವುದಕ್ಕೆ ಒಂದು ಕ್ರಮ ಹೇಳುವುದಾದರೆ, ಮೊದಲು ಜಾಪ್ಲಿನ್ 1916ರಲ್ಲಿ ಮಾಡಿಕೊಟ್ಟ ‘ಮೇಪಲ್ ಲೀಫ್’ ಪಿಯಾನೊ ರೋಲ್. ರಂಧ್ರ ಕೊರೆದ ಕಾಗದದ ಸುರುಳಿ ಅದು, ಮೇಲೆ ತಿದ್ದುಪಡಿ ಮಾಡಬಹುದಾದದ್ದು, ಓಡಿಸುವ ವೇಗಕ್ಕೆ ತಕ್ಕಂತೆ ನಡೆ ಬದಲಾಗುವಂಥದ್ದು. ಆದ್ದರಿಂದ ಅದರಿಂದ ವೇಗ ಕಲಿಯಲು ಹೋಗಬೇಡಿ, ಎಡಗೈ ಬಲಗೈಗಳ ಹೆಣಿಗೆ ನೋಡಿ. ಆಮೇಲೆ ಕಾಲಿನ್ಸ್ ಮತ್ತು ಹಾರ್ಲನ್ ಜೋಡಿ 1911ರಲ್ಲಿ ಹಾಡಿದ ಬರ್ಲಿನ್ನನ ಹಾಡಿನ ಮುದ್ರಿಕೆ. ದೊಡ್ಡ ಕೊಳವೆಯೊಳಗೆ ಕೂಗಿ ಹಾಡಿ ಮಾಡಿದ ಮುದ್ರಣವಾದ್ದರಿಂದ ಮಾತು ಸ್ಪಷ್ಟ, ಹಿಮ್ಮೇಳ ತೆಳು. ಅದರ ಹಿಂದೆಯೇ ಚಿತ್ರದ ಸಾರಾಯಿ ಅಂಗಡಿಯ ದೃಶ್ಯವನ್ನು ಇನ್ನೊಮ್ಮೆ ಹಾಕಿದರೆ 27 ವರ್ಷದ ಅಂತರ ಎದುರಿಗೇ ಬಂದು ನಿಲ್ಲುತ್ತದೆ. ಕೊನೆಗೆ ಯೂರೋಪ್‌ನ ಸೊಸೈಟಿ ಆರ್ಕೆಸ್ಟ್ರಾ 1914ರಲ್ಲಿ ಮುದ್ರಿಸಿದ ‘ಕ್ಯಾಸಲ್ ಹೌಸ್ ರ‍್ಯಾಗ್’. ಮೂರು ನಿಮಿಷದ ಆಸುಪಾಸಿನ ತಟ್ಟೆ. ಮೊದಲ ಭಾಗಗಳಲ್ಲಿ ಪಿಟೀಲುಗಳು ಅಚ್ಚುಕಟ್ಟಾಗಿ, ಹದಿನಾರು ಬಾರಿನ ಲೆಕ್ಕ ತಪ್ಪದೆ ನಡೆಯುತ್ತವೆ. ಕೊನೆಯ ಭಾಗಕ್ಕೆ ಬಂದಾಗ ಡ್ರಮ್ ವಾದಕ ಬಡ್ಡಿ ಗಿಲ್ಮೋರ್ ಕಟ್ಟು ಬಿಚ್ಚಿಕೊಂಡವನಂತೆ ಪೆಟ್ಟುಗಳನ್ನು ಸಂದಿಯಿಂದ ಸಂದಿಗೆ ಎಸೆಯತೊಡಗುತ್ತಾನೆ, ಇಡೀ ಬ್ಯಾಂಡ್ ಅವನ ಹಿಂದೆ ಓಡುತ್ತದೆ.